ಮಾನೊ ಅಂದರೆ ಕೈ

ಪರದೆಯ ಮೇಲೆ ಆ ದೊಡ್ಡ ಮನುಷ್ಯ ನಕ್ಕ. ಆಗಿದ್ದು ಅಷ್ಟೇ. ಆದರೆ ಆ ನಗು ಕುಕ್ಕರ್‌ನ ಹೊಟ್ಟೆಗೆ ಕೆಂಡ ಸುರಿಯಿತು.

ಕುಕ್ಕರ್ ಅಂದರೆ ಮನುಷ್ಯನೇ. ಡಬ್ಬಿಗಳಿಗೆ ತಗಡಿನ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಪ್ರೆಸ್ ನಡೆಸುವವನು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಹಾಕುವವನಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಸಿಟ್ಟು ಬಂದರೆ ಮೊದಲು ಒಳಗೊಳಗೇ ಕುದಿಯುವುದು, ಆಮೇಲೆ ಮೂಗಿನಲ್ಲಿ ಸುಯ್ಯೆಂದು ಉಸಿರು ಬಿಡುವುದು, ಕೊನೆಗೆ ಕೂಗುವುದು, ಇದು ಅವನ ಕ್ರಮ. "ಎರಡು ವಿಷಲ್ ಆಯ್ತು, ಯಾರಾದ್ರೂ ಇಳಿಸ್ರಪ್ಪಾ" ಎಂದು ಪಕ್ಕದ ಪ್ರೆಸ್ಸಿನವನು ತಮಾಷೆ ಮಾಡುತ್ತಿದ್ದ. ಶಾಲೆ ಬಿಟ್ಟಿದ್ದೂ ಸಿಟ್ಟಿನಿಂದಲೇ. ಮಾಡದ ತಪ್ಪಿಗೆ ಮೇಷ್ಟ್ರು ಬಾರಿಸಿದರು, ಇವನು ಸ್ಲೇಟು ಅಲ್ಲೇ ಇಟ್ಟು ಎದ್ದು ಬಂದ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸೈಕಲ್ ಅಂಗಡಿ, ಮರದ ಮಿಲ್ಲು, ಲಾರಿ ತೊಳೆಯುವ ಜಾಗ, ಎಲ್ಲಿ ಹೋದರೂ ಯಾರಿಗಾದರೂ ಏನಾದರೂ ಅಂದು ಹೊರಬೀಳುತ್ತಿದ್ದ. ಕೊನೆಗೆ ಈ ಪ್ರೆಸ್ಸಿನ ಮುಂದೆ ನೆಲೆ ನಿಂತ. "ಅಲ್ಲಿ ಮಿಷನ್ ಸದ್ದಿಗೆ ಇವರ ಕೂಗು ಯಾರಿಗೂ ಕೇಳ್ಸಲ್ಲ, ಅದಕ್ಕೇ ಉಳ್ಕೊಂಡ್ರು" ಎಂದು ಹೆಂಡತಿ ನಗಾಡುತ್ತಿದ್ದಳು. ಅದು ಅವಳು ಅವನ ಹತ್ತಿರ ಮಾತಾಡುತ್ತಿದ್ದ ಕಾಲದ ಸಂಗತಿ.

ಈಗ ಅವಳು ಮಾತು ಬಿಟ್ಟಿದ್ದಳು. ಕಾರಣ ಅವಳ ತಮ್ಮನ ಕೈ.

ಆ ಪ್ರೆಸ್ಸಿಗೆ ಎರಡು ಬಟನ್. ಎಡಕ್ಕೊಂದು, ಬಲಕ್ಕೊಂದು, ಎರಡೂ ಕೆಂಪು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ದಢಾರನೆ ಕೆಳಗೆ ಬೀಳಬೇಕು. ಎರಡು ಕೈಯೂ ಬಟನ್ ಮೇಲಿದ್ದರೆ ಅಚ್ಚಿನ ಕೆಳಗೆ ಇಡಲಿಕ್ಕೆ ದೇವರು ಮೂರನೇ ಕೈ ಕೊಟ್ಟಿಲ್ಲ. ಮಿಷನ್ ಮಾಡಿದ ಪುಣ್ಯಾತ್ಮ ಹಾಗೆ ಯೋಚಿಸಿದ್ದ. ಆದರೆ ಎಡಗಡೆಯ ಬಟನ್ನಿನ ಸಂದಿಗೆ ಒಂದು ಮರದ ಚಕ್ಕೆ ತುರುಕಿಬಿಟ್ಟರೆ ಅದು ಸದಾ ಒತ್ತಿದ ಹಾಗೇ ಇರುತ್ತದೆ. ಬಲಗೈ ಒತ್ತುತ್ತಿರುವಾಗಲೇ ಎಡಗೈ ಹೊಸ ತಗಡು ತಳ್ಳಬಹುದು, ಮುಚ್ಚಳ ಬೇಗ ಬೇಗ ಉದುರುತ್ತದೆ. ಚಕ್ಕೆ ಹಾಕಿಸಿದವನು ಸೂಪರ್‌ವೈಸರ್. "ಹಾಕ್ಕೊಳ್ಳಿ, ಎಲ್ಲಾ ಕಡೆ ಹೀಗೇ ಮಾಡೋದು" ಎಂದಿದ್ದ. ಸಾಲಿನವರೆಲ್ಲ ಹಾಕಿಕೊಂಡರು. ಕುಕ್ಕರ್ ತಾನೇ ಕರೆತಂದು ಕೆಲಸಕ್ಕೆ ಸೇರಿಸಿದ್ದ ಭಾಮೈದನೂ ಹಾಕಿಕೊಂಡ.

ಒಂದು ಬೆಳಿಗ್ಗೆ ಭಾಮೈದನ ಎಡಗೈ ಅಚ್ಚಿನ ಕೆಳಗೆ ಉಳಿಯಿತು. ಹೆಬ್ಬೆರಳೊಂದನ್ನು ಬಿಟ್ಟು ಮಿಕ್ಕ ಬೆರಳುಗಳು ಹೋದವು. ಅವನನ್ನು ಎತ್ತಿಕೊಂಡು ಜನ ಬಾಗಿಲ ಕಡೆ ಓಡುವಾಗ ಸೂಪರ್‌ವೈಸರ್ ಮಾಡಿದ ಮೊದಲ ಕೆಲಸವೆಂದರೆ, ಬಗ್ಗಿ ಆ ಚಕ್ಕೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದು. ಎರಡನೆಯದು, "ಕುಡಿದು ಬಂದಿದ್ದ" ಎಂದು ಸುದ್ದಿ ಬಿಟ್ಟಿದ್ದು. ಕುಡಿದು ಬಂದವನಿಗೆ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ. ಆ ಹುಡುಗ ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಆದರೆ ಬೀದಿಯ ಬಾಯಿಗೆ ಯಾರು ಬೀಗ ಹಾಕುತ್ತಾರೆ? ಆಸ್ಪತ್ರೆಯಿಂದ ಬಂದವನು ಅಕ್ಕನ ಮನೆಯ ಹಿಂದಿನ ಕೋಣೆ ಸೇರಿ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಹಾಲು ತರಲಿಕ್ಕೂ ಹೊರಗೆ ಬರಲಿಲ್ಲ.

"ಕರ್ಕೊಂಡು ಹೋದೋರು ನೀವು" ಎಂದಳು ಹೆಂಡತಿ. "ಬೆರಳು ವಾಪಸ್ ತರೋದಕ್ಕಂತೂ ಆಗಲ್ಲ. ಮರ್ಯಾದೆನಾದ್ರೂ ತನ್ನಿ." ಅದೇ ಕೊನೆ. ಅಲ್ಲಿಂದಾಚೆ ತಟ್ಟೆ ಇಡುವಾಗ ಬರುವ ಸದ್ದು ಬಿಟ್ಟರೆ ಅವಳಿಂದ ಅವನಿಗೆ ಬೇರೆ ಮಾತಿರಲಿಲ್ಲ.

ಕಾರ್ಖಾನೆಯ ಮಾಲೀಕರು ದೂರದೇಶದವರು, ಅವರ ಮಾತು ಸ್ಪ್ಯಾನಿಷ್. ಇಲ್ಲಿ ಅದನ್ನು ಬಲ್ಲವನು ಸೂಪರ್‌ವೈಸರ್ ಒಬ್ಬನೇ. ತರಬೇತಿಗೆಂದು ಅವರ ಊರಿಗೆ ಹೋಗಿ ಕಲಿತು ಬಂದಿದ್ದ. ಅವನಿಗೆ ಕುಕ್ಕರ್ ಇಟ್ಟ ಹೆಸರು ಜರಡಿ. ಯಾಕೆಂದರೆ ಈ ಕಡೆಯಿಂದ ಏನು ಹಾಕಿದರೂ ಆ ಕಡೆ ಅವನಿಗೆ ಬೇಕಾದಷ್ಟೇ ಇಳಿಯುತ್ತಿತ್ತು. ಕುಕ್ಕರ್ ಗಲಾಟೆ ಮಾಡಿ, ಆಫೀಸಿನ ಪರದೆಯಲ್ಲಿ ಮಾಲೀಕರ ಕಡೆಯ ಆ ದೊಡ್ಡ ಮನುಷ್ಯನ ಜೊತೆ ಮಾತಾಡಲು ಹಟ ಹಿಡಿದು ಕೂತ. ಚಕ್ಕೆಯ ವಿಷಯ, ಕೈಯ ವಿಷಯ, ಕುಡಿತದ ಸುಳ್ಳು, ಒಂದನ್ನೂ ಬಿಡದೆ ಹೇಳಿದ. ಇವನು ಒಂದು ಕೊಡ ಸುರಿದರೆ ಜರಡಿ ಒಂದು ಲೋಟ ಬಗ್ಗಿಸಿದ. ಪರದೆಯವನು ತಲೆ ಆಡಿಸಿ ನಕ್ಕ.

"ಏನಂದ?" ಎಂದು ಕೇಳಿದ ಕುಕ್ಕರ್.

"ನಿಮ್ಮ ಕಾಳಜಿಗೆ ಥ್ಯಾಂಕ್ಸ್ ಅಂದ್ರು."

ಬೆರಳು ಹೋದ ಕಥೆ ಕೇಳಿ ನಗುವ ಮನುಷ್ಯ ಯಾವ ದೇಶದಲ್ಲೂ ಹುಟ್ಟಿರಲಾರ. ಅಂದಮೇಲೆ ಕಥೆ ಅವನನ್ನು ತಲುಪಿಲ್ಲ. ಇದು ಕುಕ್ಕರ್‌ಗೆ ಮೆಟ್ಟಿಲಿಳಿಯುವಾಗ ಹೊಳೆಯಿತು. ಹೊಳೆದದ್ದೇ ಕೈಕಂಬಿಗೆ ಒಂದು ಒದೆ ಕೊಟ್ಟ. ಕಂಬಿಗೇನೂ ಆಗಲಿಲ್ಲ. ಒಂದು ವಾರ ಇವನು ಕುಂಟಿದ.

ಕುಂಟುತ್ತಲೇ ಹಡಗಿನ ಮಾವನ ಮನೆಗೆ ಹೋದ. ಆತ ಹೆಂಡತಿಯ ಸೋದರಮಾವ. ಆಯಸ್ಸಿನ ಬಹುಭಾಗ ಸರಕಿನ ಹಡಗುಗಳಲ್ಲಿ ಅಡುಗೆ ಮಾಡಿ, ಈಗ ಒಂದು ಕೋಣೆಯಲ್ಲಿ ಒಬ್ಬನೇ ಇದ್ದ. ಜೊತೆಯ ಅಡುಗೆಯವರಿಂದ ಸ್ಪ್ಯಾನಿಷ್ ಕಲಿತಿದ್ದ. ಓದಲು ಬಾರದು, ಬರೆಯಲು ಬಾರದು, ಜಗಳವಾಡಲು ಮಾತ್ರ ಚೆನ್ನಾಗಿ ಬರುತ್ತಿತ್ತು.

"ಬನ್ನಿ ಅಳಿಯಂದ್ರೆ, ಕಾಲಿಗೇನಾಯ್ತು?"

"ಕಾಲು ಹಾಳಾಗ್ಲಿ ಮಾವ. ನಂಗೆ ಸ್ಪ್ಯಾನಿಷ್ ಕಲಿಸಿ. ಮಾಲೀಕರ ಕಡೆಯೋರು ಕಾರ್ಖಾನೆ ನೋಡೋಕೆ ಬರ್ತಾರಂತೆ. ಅವರ ಮುಖಕ್ಕೆ ಉಗಿಯೋ ಹಾಗೆ ನಾಲ್ಕು ಮಾತು."

"ಉಗಿಯೋದಕ್ಕೆ ಭಾಷೆ ಯಾಕೆ, ಬಾಯಿ ಸಾಕಲ್ಲ." ಮಾವ ಈರುಳ್ಳಿ ಹೆಚ್ಚುತ್ತಿದ್ದವನು ತಲೆ ಎತ್ತಲಿಲ್ಲ. "ನಿಮ್ಮ ವಯಸ್ಸಿಗೆ ಭಾಷೆ ಹತ್ತಲ್ಲ. ಒಂದು ಪದ ಹತ್ತುತ್ತೆ. ತೋರಿಸೋಕಾಗೋ ಪದ ತಗೊಳ್ಳಿ, ಅದನ್ನೇ ಪೂರ್ತಿ ತಗೊಳ್ಳಿ. ಹಡಗಿಗೆ ಹೊಸಬರು ಬಂದ್ರೆ ನಾವು ಹಂಗೇ ಕಲಿಸ್ತಿದ್ದಿದ್ದು."

"ಒಂದು ಪದ ಇಟ್ಕೊಂಡು ನಾನೇನು ಮಾಡ್ಲಿ, ನೆಕ್ಕಲಾ?"

ಮಾವ ಚಾಕು ಕೆಳಗಿಟ್ಟು, ಈರುಳ್ಳಿ ನೀರು ಹತ್ತಿದ್ದ ತನ್ನ ಅಂಗೈಯನ್ನು ಅವನ ಮೂಗಿನ ಮುಂದೆ ಹಿಡಿದ. "ಮಾನೊ. ಕೈ. ಹೇಳಿ."

"ಮಾನೊ."

"ಲಾ ಮಾನೊ. ಅವರಲ್ಲಿ ಪ್ರತಿ ವಸ್ತುನೂ ಗಂಡೋ ಹೆಣ್ಣೋ ಆಗಿರ್ಬೇಕು. ಓ ಅಂತ ಮುಗಿಯೋವು ಸಾಮಾನ್ಯವಾಗಿ ಗಂಡು. ಇದೊಂದು ಮಾತ್ರ ಹಟ ಮಾಡಿ ಹೆಣ್ಣಾಗಿದೆ."

"ನನ್ನ ಕೈ ಹೆಂಗಸಾ?"

"ದುಡಿಯೋದು ಅದು, ಬಡಿಸೋದು ಅದು, ಸುಟ್ಕೊಳ್ಳೋದೂ ಅದೇ. ಇನ್ನೇನಾಗಿರ್ಬೇಕಿತ್ತು?"

ಕುಕ್ಕರ್ ಸುಯ್ಯೆಂದ. ಆದರೂ ಪ್ರತಿ ಸಂಜೆ ಕೆಲಸ ಬಿಟ್ಟ ಮೇಲೆ ಹೋದ. ಬರೆದುಕೊಳ್ಳಲು ಮಾವ ಬಿಡುತ್ತಿರಲಿಲ್ಲ. ಪಾತ್ರೆ ತೊಳೆಸುತ್ತ, ತರಕಾರಿ ಹೆಚ್ಚಿಸುತ್ತ, ಗೋಡೆಗೆ ಬಣ್ಣ ಬಳಿಸುತ್ತ ಕಲಿಸಿದ. ಬಣ್ಣ ಬಳಿಯುವಾಗ, "ಒಂದು ಸಲ ಬಳಿದ್ರೆ ಉನಾ ಮಾನೊ. ಮೇಲೆ ಇನ್ನೊಂದು ಸಲ ಬಳೀರಿ, ಓತ್ರಾ ಮಾನೊ. ಓತ್ರಾ ಅಂದ್ರೆ ಇನ್ನೊಂದು" ಎಂದ.

"ಪುಕ್ಕಟೆ ಬಣ್ಣ ಬಳಿಸ್ಕೊಳ್ಳೋದಕ್ಕೆ ಈ ಪಾಠನಾ?"

"ಬಳೀರಿ, ಬಳೀರಿ. ಆ ಮೂಲೆ ಹಂಗೇ ಉಳೀತು."

ಬೇರೆಯವರು ಬಳಸಿ ಬಿಟ್ಟ ಸಾಮಾನಿಗೆ ಎರಡನೇ ಮಾನೊ. ಬಿಗಿಯಾಗಿ ಆಳುವವನದು ಗಟ್ಟಿ ಮಾನೊ. ಮಿಷನ್ನಿಲ್ಲದೆ ಮಾಡಿದ್ದೆಲ್ಲ ಮಾನೊದಿಂದ. ಸಹಾಯ ಮಾಡುವುದಕ್ಕೆ ಅವರು ಮಾನೊ ಎಸೆಯುತ್ತಾರೆ, ಇಲ್ಲವೇ ಮಾನೊ ಕೊಡುತ್ತಾರೆ ಎಂದಾಗ ಕುಕ್ಕರ್ ಪಾತ್ರೆಯನ್ನು ತೊಟ್ಟಿಗೆ ಬಿಸಾಕಿದ.

"ಕೈ ಕೊಡೋದು ಸಹಾಯನಾ? ನಮ್ಮಲ್ಲಿ ಕೈ ಕೊಟ್ಟ ಅಂದ್ರೆ ನಡುನೀರಲ್ಲಿ ಬಿಟ್ಟು ಓಡಿದ ಅಂತ."

"ಅವರ ಕೈ ಅವರದು, ನಮ್ಮ ಕೈ ನಮ್ಮದು. ಜಗಳ ಆಮೇಲೆ ಆಡಿ, ಮೊದಲು ಬಾಯಿಗೆ ಕೂರಿಸ್ಕೊಳ್ಳಿ."

ಬಾಯಿಗೆ ಕೂತಿತೋ ಇಲ್ಲವೋ, ಕಿವಿಗೆ ಮಾತ್ರ ಕೂತುಬಿಟ್ಟಿತು. ಜರಡಿ ಫೋನಿನಲ್ಲಿ ಮಾಲೀಕರ ಜೊತೆ ಮಾತಾಡುವಾಗ, ಅಷ್ಟು ದಿನ ಬರೀ ಗುಳುಗುಳು ಎನ್ನುತ್ತಿದ್ದ ನೀರಿನಲ್ಲಿ ಈಗ ಒಂದು ಮೀನು ಕಾಣಿಸತೊಡಗಿತು. ಮಾನೊ ದೆ ಓಬ್ರಾ, ಮಾನೊ ದೆ ಓಬ್ರಾ ಎಂದು ಅವನು ಪದೇ ಪದೇ ಅನ್ನುತ್ತಿದ್ದ. ಅದೇನೆಂದು ಕುಕ್ಕರ್ ಸಂಜೆ ಕೇಳಿದ.

ಮಾವ ಒಲೆಯ ಉರಿ ತಗ್ಗಿಸಿದ. "ಕೆಲಸದ ಕೈ ಅಂತ. ಕೂಲಿಯೋರನ್ನೆಲ್ಲ ಸೇರಿಸಿ ಹೇಳೋ ಮಾತು. ಅಂದ್ರೆ ನೀವೆಲ್ಲ."

"ನಾವಾ?" ಕುಕ್ಕರ್ ಎದ್ದು ನಿಂತ. "ತಲೆ ಲೆಕ್ಕಕ್ಕಿಲ್ಲ, ಹೊಟ್ಟೆ ಲೆಕ್ಕಕ್ಕಿಲ್ಲ, ಹೆಂಡತಿ ಮಕ್ಕಳು ಮೊದಲೇ ಇಲ್ಲ. ಮಣಿಕಟ್ಟಿಂದ ಆಚೆ ಇರೋ ಮಾಂಸ ಅಷ್ಟೇನಾ ನಾವು? ಆಯ್ತು, ಕೈ ಅಂತಲೇ ಇಟ್ಕೊಳ್ಳಲಿ. ಅವರ ಒಂದು ಕೈಯೇ ಕತ್ತರಿಸಿ ಹೋಯ್ತಲ್ಲ ಮಾವ, ಅವರಿಗೆ ಯಾಕೆ ನೋಯ್ಲಿಲ್ಲ?"

"ನಾವೂ ಆಳು ಅಂತೀವಲ್ಲ. ಅದೇನು ದೊಡ್ಡ ಗೌರವದ ಮಾತಾ? ಪದದ ಮೇಲೆ ಯಾಕೆ ಹಾರ್ತೀರಿ, ಅದು ಯಾರ ಬೆರಳನ್ನೂ ಕತ್ತರಿಸಿಲ್ಲ." ಹೀಗೆಂದರೂ ಮಾವನ ದನಿ ಗಟ್ಟಿಯಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದವನು ಅವನಿಗೂ ತಂಗಿಯ ಮಗ.

ಮಾಲೀಕರ ಕಡೆಯವರು ಬರುವ ಹಿಂದಿನ ದಿನ ಜರಡಿ ಬಕೆಟ್ ಹಿಡಿದು ಸಾಲಿನುದ್ದಕ್ಕೂ ಬಂದು ಚಕ್ಕೆಗಳನ್ನೆಲ್ಲ ಕಿತ್ತು ಹಾಕಿಕೊಂಡು ಹೋದ. "ನಾಳೆ ಒಂದಿನ ಎರಡೂ ಕೈಯಲ್ಲಿ ಒತ್ತಿ. ನಾಡಿದ್ದು ವಾಪಸ್ ಕೊಡ್ತೀನಿ" ಎಂದ, ಮಕ್ಕಳ ಆಟದ ಸಾಮಾನು ಇಸಿದುಕೊಂಡವನ ಹಾಗೆ.

ಮರುದಿನ ಬಂದದ್ದು ಒಬ್ಬ ಹೆಂಗಸು. ನರೆಗೂದಲು, ದಪ್ಪ ಅಡಿಯ ಬೂಟು, ಕುತ್ತಿಗೆಗೆ ನೇತುಹಾಕಿದ ಕನ್ನಡಕ. ಇಂಜಿನಿಯರಮ್ಮ ಎಂದರು. ಕುಕ್ಕರ್ ಯೋಚನೆ ಮಾಡಿಕೊಂಡೇ ನಿಂತಿದ್ದ: ಆಕೆ ತನ್ನ ಪ್ರೆಸ್ಸಿನ ಹತ್ತಿರ ಬಂದಾಗ ಎಡಗಡೆಯ ಬಟನ್ ತೋರಿಸಿ ಕಲಿತ ಪದ ಹೇಳಬೇಕು. ಆಕೆ ಕೇಳದಿದ್ದರೆ ಕೂಗಬೇಕು. ಕೂಗಿದ್ದಕ್ಕೆ ಕೆಲಸ ಹೋದರೆ ಹೋಗಲಿ.

ಗಂಟೆ ಹೊಡೆಯಿತು. ಸಾಲಿನವರೆಲ್ಲ ಕೆಲಸಕ್ಕೆ ಕೈ ಹಚ್ಚಿದರು. ಒಂದು ಪ್ರೆಸ್ಸಿನ ಅಚ್ಚೂ ಕೆಳಗೆ ಬೀಳಲಿಲ್ಲ.

ಆಗಿದ್ದಿಷ್ಟೇ. ಬಲಗೈಗಳೆಲ್ಲ ಬಟನ್ ಮೇಲೆ ಬಿದ್ದವು, ಎಡಗೈಗಳೆಲ್ಲ ಅಭ್ಯಾಸದಂತೆ ತಗಡಿನ ತಟ್ಟೆಗೆ ಹೋದವು. ವರ್ಷಾನುಗಟ್ಟಲೆ ನಡೆದ ದಾರಿ. ನಿನ್ನೆ ಹೇಳಿದ್ದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಜರಡಿ ಹಲ್ಲು ಕಚ್ಚಿಕೊಂಡು "ಎರಡೂ ಕೈ, ಎರಡೂ ಕೈ" ಎನ್ನುತ್ತ ಓಡಾಡಿದ. ಜನ ನೆನಪು ಮಾಡಿಕೊಂಡು ಒತ್ತಿದರು. ಒಂದು ಬಿತ್ತು, ಎರಡು ಬಿತ್ತು, ಮತ್ತೆ ಎಡಗೈ ತಟ್ಟೆಗೆ ಹೋಯಿತು. ಒಂದು ಪ್ರೆಸ್ ಬಿದ್ದರೆ ಇನ್ನೊಂದು ನಿಂತಿತು, ತಾಳ ತಪ್ಪಿದ ಚಪ್ಪಾಳೆಯ ಹಾಗೆ. ಎಲ್ಲರಿಗಿಂತ ಹೆಚ್ಚು ಒದ್ದಾಡಿದವನು ಕುಕ್ಕರ್. ಇಷ್ಟು ಸಿದ್ಧನಾಗಿ ನಿಂತವನ ಕೈಯೂ ಅವನ ಮಾತು ಕೇಳಲಿಲ್ಲ. ಒಮ್ಮೆ ಸಿಟ್ಟು ತಡೆಯಲಾರದೆ ಎಡಗೈಯ ಬೆನ್ನಿಗೆ ತಾನೇ ಒಂದು ಬಾರಿಸಿದ.

ಇಂಜಿನಿಯರಮ್ಮ ಮಿಷನ್ ನೋಡುವುದನ್ನು ಬಿಟ್ಟು ಕೈಗಳನ್ನು ನೋಡುತ್ತಿದ್ದಳು. ಕನ್ನಡಕ ಹಾಕಿಕೊಂಡಳು. ಜರಡಿಯನ್ನು ಏನೋ ಕೇಳಿದಳು. ಅವನು ನಗುತ್ತ ಉತ್ತರ ಕೊಟ್ಟ. ಅದರಲ್ಲಿ ಮಾನೊ ದೆ ಓಬ್ರಾ ಇತ್ತು. ಆಹಾ, ನಮ್ಮದೇ ವಿಚಾರ ಅಂದುಕೊಂಡ ಕುಕ್ಕರ್. ಈ ಜನ ಹೊಸಬರು, ಇನ್ನೂ ಪಳಗಿಲ್ಲ ಎಂದಿದ್ದನಂತೆ. ಅದು ಆಮೇಲೆ ಗೊತ್ತಾಯಿತು. ಹೊಸಬರಂತೆ. ಕುಕ್ಕರ್‌ನ ಬಲಗಡೆಯ ಬಟನ್ನಿನ ಕೆಂಪು ಪೂರ್ತಿ ಸವೆದು ಕಬ್ಬಿಣ ಕಾಣುತ್ತಿತ್ತು. ಎಡಗಡೆಯದು ನಿನ್ನೆ ಬಳಿದ ಹಾಗೆ ಕೆಂಪಗಿತ್ತು.

ಆಕೆ ಅದನ್ನೂ ನೋಡಿದಳು. ನೋಡಿ ಕುಕ್ಕರ್‌ನ ಮುಂದೆ ಬಂದು ನಿಂತಳು.

ಅವನು ಸವೆದ ಬಟನ್ ಮೇಲೆ ಬಲಗೈ ಇಟ್ಟ. "ಉನಾ ಮಾನೊ." ಆಮೇಲೆ ಎಡಗೈಯನ್ನು ಅಚ್ಚಿನ ಕೆಳಗೆ ಚಾಚಿದ. "ಲಾ ಓತ್ರಾ ಮಾನೊ." ಚಾಚಿದ್ದನ್ನು ಹಿಂದಕ್ಕೆ ತೆಗೆಯದೆ ಬಲಗಡೆ ಒತ್ತಿದ. ಸಾಲಿನಲ್ಲಿ ಯಾರೋ "ಅಯ್ಯೋ" ಎಂದರು. ಅಚ್ಚು ಬೀಳಲಿಲ್ಲ.

"ಇವತ್ತು ಬೀಳಲ್ಲ" ಎಂದ, ಈ ಸಲ ತನ್ನ ಮಾತಿನಲ್ಲೇ. "ಇವತ್ತು ಚಕ್ಕೆ ಇವನ ಬಕೆಟ್ಟಲ್ಲಿದೆ. ಅವತ್ತು ನನ್ನ ಭಾಮೈದನ ಪ್ರೆಸ್ಸಲ್ಲಿತ್ತು. ಅವನ ಕೈ ಹೋಯ್ತು. ಹೇಳೋ ಜರಡಿ, ಅಮ್ಮನಿಗೆ ಹೇಳು."

ಜರಡಿ ಹೇಳಿದ. ಸರಸರನೆ, ಸಿಹಿಯಾಗಿ, ಉದ್ದವಾಗಿ ಹೇಳಿದ. ಕುಕ್ಕರ್ ಕಿವಿಗೊಟ್ಟು ಕೇಳಿದ. ನೀರು ಪೂರ್ತಿ ಹರಿದುಹೋಯಿತು, ಮೀನು ಕಾಣಲೇ ಇಲ್ಲ.

"ಇನ್ನೊಂದ್ಸಲ ಹೇಳು."

"ಹೇಳಿದ್ನಲ್ಲಪ್ಪಾ."

"ಎಲ್ಲಿ ಹೇಳ್ದೆ? ಕೈ ಹೋಯ್ತು ಅಂತ ಹೇಳೋದಕ್ಕೆ ಕೈ ಅನ್ನೋ ಪದ ಬೇಡ್ವೇನೋ? ನಿನ್ನ ಬಾಯಿಂದ ಮಾನೊ ಬರಲೇ ಇಲ್ಲ. ನನಗೆ ನಿನ್ನಷ್ಟು ಬರಲ್ಲ, ಒಂದೇ ಪದ ಬರೋದು. ಅದು ಬರೋ ತನಕ ನೀನು ಹೇಳ್ತಾ ಇರು, ನಾನು ಈ ಕೈ ಇಲ್ಲಿಂದ ತೆಗೆಯಲ್ಲ."

ಇಂಜಿನಿಯರಮ್ಮನಿಗೆ ಇದರಲ್ಲಿ ಅರ್ಥವಾದದ್ದೂ ಅದೊಂದೇ ಪದ ಇರಬೇಕು. ಆಕೆ ಜರಡಿಯ ಕಡೆ ತಿರುಗಿ, ಪ್ರತಿ ಅಕ್ಷರ ಬಿಡಿಸಿ, ಮಾನೊ ಎಂಬುದನ್ನು ಒತ್ತಿ ಏನೋ ಕೇಳಿದಳು. ಜರಡಿಯ ಕುತ್ತಿಗೆ ಬೆವರಿತು. ಅವನು ಮತ್ತೆ ಹೇಳಿದ. ಈಗ ಮಾನೊ ಬಂತು. ಹಿಂದೆಯೇ ಇನ್ನೊಂದು ಮಾನೊ ಬಂತು. ಆಕೆಯ ಮುಖದಲ್ಲಿ ಇದ್ದಬದ್ದ ನಗು ಇಳಿದುಹೋಯಿತು. ಕುಕ್ಕರ್‌ಗೆ ಬೇಕಾಗಿದ್ದದ್ದು ಅದೇ. ಮಾತು ತಲುಪಿದರೆ ಮುಖ ಹೀಗಾಗಬೇಕು. ಅವನು ಕೈ ಹೊರಗೆಳೆದುಕೊಂಡ.

ಆಕೆ ಹೆಬ್ಬೆರಳನ್ನು ಬಾಯಿಯ ಕಡೆ ತಿರುಗಿಸಿ ಕುಡಿಯುವ ಸನ್ನೆ ಮಾಡಿ ಇನ್ನೇನೋ ಕೇಳಿದಳು. ಆ ಸನ್ನೆಗೆ ಯಾರ ತರ್ಜುಮೆಯೂ ಬೇಕಿರಲಿಲ್ಲ. ಇಡೀ ಸಾಲು ನೋಡಿತು.

"ಓಹೋ, ಅದನ್ನ ಮಾತ್ರ ಚೆನ್ನಾಗಿ ತಲುಪಿಸಿದ್ದೀಯ" ಎಂದ ಕುಕ್ಕರ್.

ಪ್ಯಾಕಿಂಗ್ ಕಡೆಯಿಂದ ಬಂದು ನಿಂತಿದ್ದ ಹಿರಿಯ ಹೆಂಗಸೊಬ್ಬಳು ಬಾಯಿ ಹಾಕಿದಳು. "ಆ ಹುಡುಗ ಕುಡೀತಾನಾ? ಟೀ ಸ್ಟ್ರಾಂಗ್ ಆದ್ರೆ ತಲೆನೋವು ಅಂತ ನಂಗೆ ಕೊಟ್ಬಿಡ್ತಿದ್ದ."

"ಅವತ್ತು ಬೆಳಿಗ್ಗೆ ನನ್ನ ಜೊತೆ ಬಸ್ಸಲ್ಲಿ ಬಂದ" ಎಂದ ಪಕ್ಕದ ಪ್ರೆಸ್ಸಿನವನು. ಅವನು ಕುಕ್ಕರ್‌ನ ಕಣ್ಣು ತಪ್ಪಿಸಿ ಮಾತಾಡಿದ. ಇಷ್ಟು ದಿನ ಇದನ್ನು ಅವನು ಎಲ್ಲೂ ಹೇಳಿರಲಿಲ್ಲ. ಆ ಸಿಟ್ಟನ್ನು ಕುಕ್ಕರ್ ಆಮೇಲಿಗೆ ಎತ್ತಿಟ್ಟುಕೊಂಡ.

"ಅಮ್ಮನಿಗೆ ಅವರ ಭಾಷೇಲಿ ಹೇಳು" ಎಂದ ಜರಡಿಗೆ. "ಆಮೇಲೆ ಇವರಿಗೆಲ್ಲ ನಮ್ಮ ಭಾಷೇಲಿ ಹೇಳು. ಅವನು ಕುಡಿದಿರಲಿಲ್ಲ ಅಂತ."

ಜರಡಿ ಆಕೆಗೆ ಹೇಳಿದ. ಆಮೇಲೆ ನೆಲ ನೋಡಿಕೊಂಡು, "ಕುಡಿದಿರ್ಲಿಲ್ಲ" ಎಂದ.

"ಮಿಷನ್ನೆಲ್ಲ ನಿಂತಿವೆ, ಆದ್ರೂ ಕೇಳಿಸ್ತಿಲ್ಲ. ಚಕ್ಕೆದೂ ಸೇರಿಸಿ ಹೇಳು."

"ಅವನು ಕುಡಿದಿರಲಿಲ್ಲ. ಚಕ್ಕೆ ನಾನೇ ಹಾಕಿಸಿದ್ದು." ಈ ಸಲ ಗೋದಾಮಿನ ಬಾಗಿಲಲ್ಲಿ ನಿಂತವರಿಗೂ ಕೇಳಿಸಿತು.

ಆಕೆ ಜರಡಿಗೆ ಮತ್ತೊಂದಿಷ್ಟು ಹೇಳಿದಳು. ಆ ಹುಡುಗನನ್ನು ಕರೆಸಬೇಕು, ನಾಳೆ ತಾನೇ ಅವನ ಹತ್ತಿರ ಮಾತಾಡಬೇಕು ಎಂದದ್ದನ್ನು ಜರಡಿ ತಿರುಗಿಸಿ ಹೇಳಿದ. ಜರಡಿಯನ್ನೇನೂ ಯಾರೂ ಹೊರಗೆ ಹಾಕಲಿಲ್ಲ. ಸಂಜೆಯವರೆಗೂ ಅವನೇ ಸಾಲಿನಲ್ಲಿ ಓಡಾಡಿಕೊಂಡಿದ್ದ. ಪ್ರೆಸ್ಸುಗಳು ಎರಡು ಕೈಯಲ್ಲಿ, ತಡವರಿಸಿಕೊಂಡು ಬಿದ್ದವು. ಅಂಥವನು ನಾಳೆಯೂ ಅಲ್ಲೇ ಇರುತ್ತಾನೆಂಬ ಸಿಟ್ಟಿನಲ್ಲಿ ಕುಕ್ಕರ್ ಮನೆಯವರೆಗೂ ಬಸ್ಸು ಹತ್ತದೆ ನಡೆದೇ ಹೋದ.

ಮನೆಯಲ್ಲಿ ಚಪ್ಪಲಿ ಬಿಡುವ ಮೊದಲೇ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದ. ಗೋಡೆ ಕಡೆ ತಿರುಗಿದ್ದ ಬೆನ್ನು ಅಲುಗಲಿಲ್ಲ. ಹೆಂಡತಿ ಒಲೆ ಆರಿಸಿ ಬಂದು ಅವನ ಹಿಂದೆ ನಿಂತಳು.

"ಅವನ ಬಾಯಲ್ಲೇ ಹೇಳಿದ್ನಾ ಬಾವ?" ಎಂದಿತು ಬೆನ್ನು.

"ಅವನ ಬಾಯಲ್ಲೇ. ಎರಡು ಸಲ ಹೇಳಿಸ್ದೆ."

"ಯಾರ್ಯಾರಿದ್ರು?"

ಕುಕ್ಕರ್ ಹೇಳತೊಡಗಿದ. ಪ್ರೆಸ್ಸಿನವರು, ಪ್ಯಾಕಿಂಗಿನವರು, ಗೋದಾಮಿನವರು, ಕ್ಯಾಂಟೀನಿನ ಭಟ್ಟ, ವಾಚ್‌ಮನ್.

"ವಾಚ್‌ಮನ್ ಗೇಟ್ ಬಿಟ್ಟು ಒಳಗೆ ಬಂದಿದ್ನಾ?"

"ಬಂದಿದ್ದ ಕಣೋ. ಸುಳ್ಳು ಹೇಳ್ತೀನಾ ನಾನು?"

ಭಾಮೈದ ಇತ್ತ ತಿರುಗಿ ಎದ್ದು ಕೂತ. ಟವೆಲ್ಲಿನಲ್ಲಿ ಸುತ್ತಿಟ್ಟುಕೊಂಡಿದ್ದ ಎಡಗೈಯನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು, ಅದನ್ನು ಮೊದಲ ಸಲ ಕಾಣುತ್ತಿರುವವನಂತೆ ನೋಡಿದ. "ನಾಳೆ ಬರ್ತೀನಿ" ಎಂದ. "ಕೆಲಸ ಕೊಡ್ತಾರೋ ಬಿಡ್ತಾರೋ. ನಾನು ಬಸ್ಸಲ್ಲಿ ಬಲಗೈಯಲ್ಲಿ ಕಂಬಿ ಹಿಡ್ಕೊಂಡು ನಿಲ್ಲಲ್ಲ. ಈ ಕೈಯಲ್ಲೇ ಹಿಡ್ಕೊಳ್ತೀನಿ. ನೋಡೋರು ನೋಡ್ಲಿ."

"ಹೆಬ್ಬೆರಳೊಂದರಲ್ಲಿ ಹೆಂಗೋ ಹಿಡ್ಕೊಳ್ತೀಯ ಮುಟ್ಠಾಳ, ಬಿದ್ದು ಸಾಯ್ತೀಯ" ಎಂದು ಕುಕ್ಕರ್ ರೇಗಿದ.

"ಕೂಗ್ಬೇಡಿ" ಎಂದಳು ಹೆಂಡತಿ. "ನೀವು ಹಿಂದೆ ನಿಂತ್ಕೊಳ್ಳಿ, ಸಾಕು."

ಕುಕ್ಕರ್ ತಿರುಗಿ ನೋಡಿದ. ಇಷ್ಟು ದಿನ ಬಾಯಿ ಬಿಡದವಳು ಬಿಟ್ಟ ಮೊದಲ ಮಾತೂ ಗದರಿಕೆಯೇ. ಅದಕ್ಕೂ ಅವನಿಗೆ ಸಿಟ್ಟು ಬಂತು. ಆದರೆ ಕೂಗಲಿಲ್ಲ, ಸುಯ್ಯೆಂದು ಉಸಿರು ಬಿಟ್ಟು ಚಪ್ಪಲಿ ಕಳಚಿದ.